ತಾಯಿ ಹಂದಿಯ ಆಹಾರ: ಖರ್ಚೋ, ಬಂಡವಾಳವೋ?

ಅರಸೀಕೆರೆ ತಾಲೂಕಿನ ಕಣಕಟ್ಟೆಯಂತಹ ತೆಂಗು-ರಾಗಿಯ ಸೀಮೆಯಲ್ಲಿ ಹಂದಿ ಸಾಕಣೆಗೆ ಕೈಹಾಕಬಯಸುವ ಉದ್ಯಮಿಯ ಕಣ್ಣು ಮೊದಲು ಬೀಳುವುದು ಸಹಾಯಧನದ ಮೇಲೆ. 2021-22ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಲ್ಲಿ 50 ಹೆಣ್ಣು ಹಾಗೂ 5 ಗಂಡು ಹಂದಿಗಳ ಘಟಕಕ್ಕೆ 15 ಲಕ್ಷ, 100 ಹೆಣ್ಣು ಹಾಗೂ 10 ಗಂಡು ಹಂದಿಗಳ ಘಟಕಕ್ಕೆ 30 ಲಕ್ಷ ರೂಪಾಯಿಗಳ ಮಿತಿಗೊಳಪಟ್ಟು ಶೇ. 50ರಷ್ಟು ಸಹಾಯಧನ ನಿಗದಿಯಾಯಿತು. ಆದರೆ ಇದು ಶೆಡ್ಡು, ಪ್ರಾಣಿಗಳ ಖರೀದಿ ಮುಂತಾದ ಬಂಡವಾಳ ವೆಚ್ಚಕ್ಕೆ ಸಲ್ಲುವಂಥದು, ದುಡಿಯುವ ಬಂಡವಾಳಕ್ಕಲ್ಲ. ವ್ಯವಹಾರದ ಲಾಭವನ್ನು ಬಹುಮಟ್ಟಿಗೆ ನಿರ್ಧರಿಸುವ ಗಬ್ಬದ ಹಂದಿಯ ಆಹಾರ ಈ ಎರಡನೆಯ ಬಾಬ್ತಿನಲ್ಲಿದೆ.

ಹಂದಿಯ ಗರ್ಭಾವಧಿ ಸುಮಾರು 114 ದಿನಗಳು. ಮರಿಯ ಮಾಂಸಖಂಡದ ತಂತುಗಳ ಸಂಖ್ಯೆ ಬಹುತೇಕ 90ನೆಯ ದಿನದ ಹೊತ್ತಿಗೆ ಗರ್ಭದಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಹುಟ್ಟಿದ ಮೇಲೆ ತಂತುಗಳು ದಪ್ಪವಾಗುತ್ತವೆಯೇ ಹೊರತು ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಕಡಿಮೆ ತೂಕದಲ್ಲಿ ಹುಟ್ಟಿದ ಮರಿಗಳಲ್ಲಿ ಸಾಮಾನ್ಯವಾಗಿ ತಂತುಗಳು ಕಡಿಮೆ. ಅವು ಮಾರಾಟದ ತೂಕ ಮುಟ್ಟಲು ಹೆಚ್ಚು ದಿನ ತೆಗೆದುಕೊಳ್ಳುತ್ತವೆ, ಕೊಬ್ಬು ಕಟ್ಟಿಕೊಳ್ಳುತ್ತವೆ, ಮಾಂಸದ ಮೃದುತ್ವವೂ ಕುಂದುವುದುಂಟು. ಒಂದೇ ಸೂಲಿನಲ್ಲಿ ಮರಿಗಳು ಹೆಚ್ಚಾದಾಗಲೂ ತೂಕ ಇಳಿಯುತ್ತದೆಂಬುದು ನಿಜ. ಆದರೂ ತಾಯಿಯ ಆಹಾರದಲ್ಲಿ ಮಾಡಿದ ಉಳಿತಾಯವನ್ನು ಆಮೇಲೆ ಮರಿಗಳಿಗೆ ಎಷ್ಟು ತಿನ್ನಿಸಿದರೂ ಪೂರ್ತಿಯಾಗಿ ತುಂಬಿಕೊಡಲಾಗದು.

ಹಾಗೆಂದು ಮಿತಿಮೀರಿ ತಿನ್ನಿಸುವುದೂ ಲೆಕ್ಕಾಚಾರವಲ್ಲ. ಕೊಬ್ಬಿದ ತಾಯಿಗೆ ಹೆರಿಗೆ ಕಷ್ಟ. ಹಾಲೂಡಿಸುವಾಗ ಅದು ಆಹಾರವನ್ನು ಸರಿಯಾಗಿ ತಿನ್ನದು. ದಿನಕ್ಕೆ ಎರಡರಿಂದ ಎರಡೂವರೆ ಕಿಲೋ ಸಮತೋಲಿತ ಆಹಾರವೆಂದರೆ ಒಂದು ಗರ್ಭಾವಧಿಗೆ ಒಟ್ಟು 230ರಿಂದ 285 ಕಿಲೋ. ಸಮತೋಲನವೆಂಬ ಮಾತಿಗೆ ಇಲ್ಲಿ ವಿಶೇಷ ಅರ್ಥವಿದೆ. ತೆಂಗಿನ ಸೀಮೆಯಲ್ಲಿ ಕೊಬ್ಬರಿ ಹಿಂಡಿ ಸುಲಭವಾಗಿ ಕೈಗೆ ಬರುತ್ತದೆ, ಶೇ. 20ರ ಆಸುಪಾಸಿನಲ್ಲಿ ಪ್ರೋಟೀನೂ ಇದೆ. ಆದರೆ ಹಂದಿಗೆ ಅತ್ಯಗತ್ಯವಾದ ಲೈಸಿನ್ ಅಂಶ ಅದರಲ್ಲಿ ಕಡಿಮೆ. ಸೋಯಾ ಹಿಂಡಿಯನ್ನೋ ಲೈಸಿನ್ನನ್ನೋ ಸೇರಿಸದೆ ಕೊಬ್ಬರಿ ಹಿಂಡಿಯನ್ನೇ ನೆಚ್ಚಿಕೊಂಡರೆ ಚೀಲದ ಬೆಲೆ ಅಗ್ಗ, ಮರಿಯ ಬೆಲೆ ದುಬಾರಿ. ಬೂಷ್ಟು ಹಿಡಿದ ಹಿಂಡಿಯನ್ನಂತೂ ಗಬ್ಬದ ಹಂದಿಗೆ ಹಾಕಲೇಬಾರದು.

ಹಣ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಈ ಆಹಾರಕ್ಕೇ. ಮರಿಗಳಿನ್ನೂ ಕಣ್ಣಿಗೆ ಕಾಣದಿರುವುದರಿಂದ ಆ ಹಾನಿ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಆದುದರಿಂದ ಗರ್ಭಾವಧಿಯ ಆಹಾರವನ್ನು ಸಾಮಾನ್ಯ ಖರ್ಚಿನಲ್ಲಿ ಬೆರೆಸದೆ, ಹುಟ್ಟಲಿರುವ ಆಯಾ ಸೂಲಿನ ಅಸಲಿಗೆ ಪ್ರತ್ಯೇಕವಾಗಿ ಬರೆಯುವುದು ಉಚಿತ. ಹೇಗಿದ್ದರೂ ಹಂದಿ ಸಾಕಣೆಯ ಆದಾಯ ಕೃಷಿ ಆದಾಯವೆನಿಸದು. ತೆರಿಗೆಗಾಗಿಯಾದರೂ ಲೆಕ್ಕ ಇಡಲೇಬೇಕು.

2018-19ರ ಮುಂಗಡಪತ್ರದಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಪಶುಸಂಗೋಪನೆಗೂ ವಿಸ್ತರಿಸಲಾಯಿತು. ಯೋಜನಾ ವರದಿ ಸಿದ್ಧಪಡಿಸುವವರು ಶೆಡ್ಡಿನ ಸಾಲದ ಜೊತೆಯಲ್ಲಿಯೇ, ಮೊದಲ ಮಾರಾಟದವರೆಗಿನ ಆಹಾರಕ್ಕೆ ಈ ಮಿತಿಯನ್ನೂ ಕೋರತಕ್ಕದ್ದು. ಆಹಾರ ತಯಾರಕರು ಗಬ್ಬದ ಹಂದಿಗೆಂದೇ ಪ್ರತ್ಯೇಕ ಮಿಶ್ರಣ ತಯಾರಿಸಿ, ಚೀಲದ ಮೇಲೆ ಪ್ರೋಟೀನಿನೊಡನೆ ಲೈಸಿನ್ ಪ್ರಮಾಣವನ್ನೂ ಮುದ್ರಿಸಿದರೆ ಕೊಳ್ಳುವವನಿಗೆ ಬೆಲೆ ಹೋಲಿಸಲು ಅನುಕೂಲವಾದೀತು.