ಗಾಳಿಯ ದಿಕ್ಕು ನೋಡಿ ಬದುಕುವ ಊರು

ರಷ್ಯಾದ ಉತ್ತರ ಅಂಚಿನಲ್ಲಿರುವ ನೊರಿಲ್ಸ್ಕ್ ನಗರದಲ್ಲಿ ಚಳಿಗಾಲದ ಬೆಳಗು ಬೆಳಕಿನಿಂದಲ್ಲ, ಒಂದು ಪ್ರಕಟಣೆಯಿಂದ ಆರಂಭವಾಗುತ್ತದೆ. ಇಂದಿನ ಚಳಿ ಎಷ್ಟು, ಗಾಳಿಯ ವೇಗ ಎಷ್ಟು, ಎಷ್ಟನೆಯ ತರಗತಿಯವರೆಗಿನ ಮಕ್ಕಳು ಶಾಲೆಗೆ ಹೋಗಬೇಕಾಗಿಲ್ಲ ಎಂಬುದನ್ನು ತಿಳಿದ ಬಳಿಕವೇ ಮನೆಯ ದಿನಚರಿ ನಿರ್ಧಾರವಾಗುತ್ತದೆ. ಆಷಾಢದ ಮಳೆಗೆ ಶಾಲೆಗೆ ರಜೆ ಸಾರುವುದನ್ನು ಕಂಡ ಮಲೆನಾಡಿನವರಿಗೆ ಇದು ತೀರ ಅಪರಿಚಿತವಲ್ಲ. ಆದರೆ ಅಲ್ಲಿನ ತಾಯಂದಿರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ? ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಗಂಟಲು ಕೆರೆಯುತ್ತದೆ, ಕಣ್ಣು ಉರಿಯುತ್ತದೆ, ಕಿಟಕಿ ಮುಚ್ಚಬೇಕಾಗುತ್ತದೆ. ಚಳಿಗೆ ಶಾಲೆಗೆ ರಜೆಯುಂಟು. ಹೊಗೆಗೆ ದಶಕಗಳ ಕಾಲ ರೂಢಿಯೊಂದೇ ಉತ್ತರವಾಗಿತ್ತು.

ನೊರಿಲ್ಸ್ಕ್ ಉತ್ತರಧ್ರುವ ವೃತ್ತದಿಂದ ಸುಮಾರು 300 ಕಿಲೋಮೀಟರ್ ಉತ್ತರಕ್ಕಿದೆ. ಸುಮಾರು 1,75,000 ಜನರು ವಾಸಿಸುವ ಈ ನಗರಕ್ಕೆ ರಷ್ಯಾದ ಉಳಿದ ಭಾಗದಿಂದ ರಸ್ತೆಯೂ ಇಲ್ಲ, ರೈಲೂ ಇಲ್ಲ. ಇರುವ ರೈಲುಮಾರ್ಗ ಯೆನಿಸೇ ನದಿಯ ದಡದ ದುದಿಂಕಾ ಬಂದರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಹಡಗು, ಇಲ್ಲವಾದರೆ ವಿಮಾನ. ವಸಂತದ ಕೊನೆಗೆ ಯೆನಿಸೇಯ ಹಿಮಗಡ್ಡೆ ಒಡೆದು ಪ್ರವಾಹ ಬಂದಾಗ ಬಂದರಿನ ಕ್ರೇನುಗಳನ್ನೇ ಹಿಂದಕ್ಕೆ ಸರಿಸಿ ಕೆಲಸ ನಿಲ್ಲಿಸುತ್ತಾರೆ. ಆದ್ದರಿಂದ ಊರಿನವರು ರಷ್ಯಾದ ಉಳಿದ ಭಾಗವನ್ನೆಲ್ಲ 'ಮಾತೆರಿಕ್', ಅಂದರೆ ಮುಖ್ಯ ಭೂಭಾಗ ಎಂದು ಕರೆಯುತ್ತಾರೆ. ನಾಲ್ಕು ಕಡೆಯೂ ನೆಲವೇ ಇದ್ದರೂ ತಾವಿರುವುದು ದ್ವೀಪದಲ್ಲಿ ಎಂಬ ಭಾವನೆ ಅವರ ಮಾತಿನೊಳಗೇ ಬೆರೆತುಹೋಗಿದೆ. 2001ರಿಂದ ವಿದೇಶಿಯರು ಅನುಮತಿಯಿಲ್ಲದೆ ಇಲ್ಲಿಗೆ ಬರುವಂತೆಯೂ ಇಲ್ಲ.

ಇಂಥ ಜಾಗದಲ್ಲಿ ನಗರವೊಂದು ಏಕೆ ಹುಟ್ಟಿತು? ಉತ್ತರ ನೆಲದ ಅಡಿಯಲ್ಲಿದೆ. ನಿಕ್ಕಲ್, ತಾಮ್ರ, ಕೋಬಾಲ್ಟ್, ಪ್ಲಾಟಿನಮ್, ಪಲ್ಲಾಡಿಯಮ್ ಒಂದೇ ಅದಿರಿನಲ್ಲಿ ಕೂಡಿ ಸಿಗುವ ಅಪರೂಪದ ನೆಲವಿದು. 1919ರಿಂದ ಮುಂದಕ್ಕೆ ನಿಕೊಲಾಯ್ ಉರ್ವಾಂತ್ಸೆವ್ ಎಂಬ ಭೂವಿಜ್ಞಾನಿ ಈ ನಿಕ್ಷೇಪಗಳನ್ನು ಶೋಧಿಸಿದರು. 1921ರಲ್ಲಿ ಅವರ ತಂಡ ಕಟ್ಟಿದ ಮರದ ಮನೆಯೇ ಊರಿನ ಮೊದಲ ಮನೆ. 1935ರಲ್ಲಿ ಗಣಿ ಮತ್ತು ಕಾರ್ಖಾನೆಯ ನಿರ್ಮಾಣ ಆರಂಭವಾದಾಗ ಅದನ್ನು ಕಟ್ಟಲು ಕರೆತಂದದ್ದು ಕೈದಿಗಳನ್ನು. 1956ರವರೆಗೆ ನಡೆದ ನೊರಿಲ್ಸ್ಕ್ ಶ್ರಮಶಿಬಿರದ ಮೂಲಕ ಲಕ್ಷಾಂತರ ಮಂದಿ ಹಾದುಹೋದರು. ಸಾವಿರಾರು ಮಂದಿ ಅಲ್ಲಿಯೇ ಮಣ್ಣಾದರು. 1938ರಲ್ಲಿ ಬಂಧಿತರಾದ ಉರ್ವಾಂತ್ಸೆವ್ ಅವರೂ ತಾವೇ ಶೋಧಿಸಿದ ನೆಲಕ್ಕೆ ಕೈದಿಯಾಗಿ ಮರಳಿದರು. 1953ರಲ್ಲಿ ಇಲ್ಲಿನ ಕೈದಿಗಳು ಕೆಲಸ ನಿಲ್ಲಿಸಿ ಬಂಡೆದ್ದರು, ಆ ಬಂಡಾಯವನ್ನು ಬಲಪ್ರಯೋಗದಿಂದ ಅಡಗಿಸಲಾಯಿತು. ನೊರಿಲ್ಸ್ಕಿಗೆ ನಗರದ ಪಟ್ಟ ದೊರೆತದ್ದೂ ಅದೇ ವರ್ಷ.

ಈ ಹಿನ್ನೆಲೆಯ ಊರಿನಲ್ಲಿ ಇಂದು ಜನರು ನಡೆಸುವ ಬದುಕು ನಿಜಕ್ಕೂ ಬೆರಗು ಹುಟ್ಟಿಸುವಂಥದು. ವರ್ಷದ ಸರಾಸರಿ ಉಷ್ಣಾಂಶವೇ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ. ನೆಲ ಬಹು ಆಳದವರೆಗೆ ಸದಾ ಹೆಪ್ಪುಗಟ್ಟಿರುವುದರಿಂದ ಕಟ್ಟಡಗಳನ್ನು ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಮನೆಯ ಬಿಸಿ ನೆಲಕ್ಕೆ ತಾಗಿ ಹೆಪ್ಪು ಕರಗದಿರಲೆಂದು ಕೆಳಗೆ ಗಾಳಿಯಾಡಲು ಬಿಟ್ಟ ಜಾಗವದು. ನೀರಿನ, ಬಿಸಿಯ ಕೊಳವೆಗಳು ಕೂಡ ನೆಲದ ಮೇಲೆಯೇ ಸಾಗುತ್ತವೆ. ಬಿರುಗಾಳಿಯನ್ನು ತಡೆಯಲು ಮನೆಗಳನ್ನು ಒತ್ತೊತ್ತಾಗಿ, ಅಂಗಳದ ಸುತ್ತ ಕೋಟೆಯಂತೆ ಕಟ್ಟಲಾಗಿದೆ. ಹಿಮದ ಬಿರುಗಾಳಿ ಎದ್ದಾಗ ಗಣಿಯ ಕೆಲಸಗಾರರ ಬಸ್ಸುಗಳು ಒಂಟಿಯಾಗಿ ಹೊರಡುವುದಿಲ್ಲ. ಹಲವು ಬಸ್ಸುಗಳು ಸಾಲಾಗಿ, ಒಂದರ ಬೆನ್ನಿಗೆ ಒಂದರಂತೆ ಸಾಗುತ್ತವೆ. ನವೆಂಬರ್ ಕೊನೆಯಿಂದ ಜನವರಿಯ ನಡುವಿನವರೆಗೆ, ಸುಮಾರು 45 ದಿನ, ಸೂರ್ಯ ಮೇಲೇಳುವುದೇ ಇಲ್ಲ. ಬೇಸಿಗೆಯಲ್ಲಿ ಎರಡು ತಿಂಗಳಿಗೂ ಮಿಕ್ಕಿ ಮುಳುಗುವುದಿಲ್ಲ. ಆಗ ದಪ್ಪ ಪರದೆ ಕಟ್ಟಿ ಮಕ್ಕಳನ್ನು ಮಲಗಿಸಬೇಕು. ಹಣ್ಣು, ತರಕಾರಿ ಬರುವುದು ದೂರದಿಂದ, ಬೆಲೆಯೂ ಅದಕ್ಕೆ ತಕ್ಕಂತೆ. ವೇಗದ ಅಂತರ್ಜಾಲದ ತಂತಿ ತಲುಪಿದ್ದು 2017ರಲ್ಲಿ. ಇಷ್ಟರ ನಡುವೆಯೂ ರಂಗಮಂದಿರವಿದೆ, ಈಜುಕೊಳಗಳಿವೆ. ವಿದ್ಯುತ್ ಸ್ಥಾವರದ ನೀರಿನಿಂದಾಗಿ ಚಳಿಗಾಲದಲ್ಲೂ ಪೂರ್ತಿ ಹೆಪ್ಪುಗಟ್ಟದ ಕೆರೆಯಲ್ಲಿ ಈಜುವ ಹವ್ಯಾಸಿಗಳೂ ಇದ್ದಾರೆ.

ಇವರೆಲ್ಲ ಇಲ್ಲೇಕೆ ಉಳಿದರು ಎಂದು ಹೊರಗಿನವರು ಕೇಳುವುದು ಸುಲಭ. ಕಾರಣ ಸರಳವಾದದ್ದು. ಉತ್ತರದ ಪ್ರದೇಶದಲ್ಲಿ ದುಡಿಯುವವರಿಗೆ ಸಂಬಳದ ಜೊತೆ ವಿಶೇಷ ಭತ್ಯೆ ಇದೆ, ನಿವೃತ್ತಿಯೂ ಬೇಗ. ಕೆಲವು ವರ್ಷ ದುಡಿದು ಮುಖ್ಯ ಭೂಭಾಗಕ್ಕೆ ಹೋಗಿ ಮನೆ ಕೊಳ್ಳುವ ಆಸೆಯಿಂದ ಬಂದವರಿಗೆ ಇಲ್ಲಿಯೇ ಮಕ್ಕಳಾಗುತ್ತಾರೆ, ಆ ಮಕ್ಕಳು ಇಲ್ಲಿಯೇ ಕೆಲಸಕ್ಕೆ ಸೇರುತ್ತಾರೆ. ತಾತ್ಕಾಲಿಕ ಎಂದುಕೊಂಡದ್ದು ಎರಡು ಮೂರು ತಲೆಮಾರು ಮುಂದುವರಿದಿದೆ. ಊರಿನ ಉದ್ಯೋಗವೆಲ್ಲ ನೇರವಾಗಿಯೋ ಬಳಸಿಯೋ 'ನೊರಿಲ್ಸ್ಕ್ ನಿಕ್ಕಲ್' ಎಂಬ ಒಂದೇ ಕಂಪನಿಯ ಸುತ್ತ ನಿಂತಿರುವಾಗ, ಹೊಗೆಯ ಬಗ್ಗೆ ದೂರುವುದೆಂದರೆ ಅನ್ನದ ಬಗ್ಗೆ ದೂರಿದಂತೆ. ಈ ಇಕ್ಕಟ್ಟನ್ನು ಅರಿಯದೆ ಅಲ್ಲಿನ ಜನರನ್ನು ಮೌನಿಗಳೆಂದು ಹಳಿಯುವುದು ನ್ಯಾಯವಲ್ಲ.

ಈಗ ಹೊಗೆಯ ವಿಷಯ. ಇಲ್ಲಿನ ಅದಿರಿನಲ್ಲಿ ಲೋಹದೊಂದಿಗೆ ಗಂಧಕ ಬೆಸೆದುಕೊಂಡಿದೆ. ಅದಿರನ್ನು ಕರಗಿಸಿದಾಗ ಗಂಧಕ ಉರಿದು ಸಲ್ಫರ್ ಡಯಾಕ್ಸೈಡ್ ಅನಿಲವಾಗಿ ಚಿಮಣಿಯಿಂದ ಹೊರಬೀಳುತ್ತದೆ. ಮಂಜು, ಮಳೆ, ಹಿಮದೊಂದಿಗೆ ಸೇರಿ ಆಮ್ಲವಾಗಿ ನೆಲಕ್ಕಿಳಿಯುತ್ತದೆ. 2018ರ ಸುಮಾರಿಗೆ ಇಲ್ಲಿಂದ ವರ್ಷಕ್ಕೆ 18 ಲಕ್ಷ ಟನ್ನಿನಷ್ಟು ಅನಿಲ ಹೊರಬರುತ್ತಿತ್ತು. ಮೊದಲು ಬಲಿಯಾಗುವುದು ಕಲ್ಲುಹೂವಿನ ಜಾತಿಯ ಜೀವಿಗಳು. ಬೇರಿಲ್ಲದ ಇವು ತಮಗೆ ಬೇಕಾದುದನ್ನೆಲ್ಲ ಗಾಳಿ ಮತ್ತು ಮಳೆಯಿಂದಲೇ ಹೀರಿಕೊಳ್ಳುತ್ತವೆ, ವಿಷವನ್ನೂ ಹಾಗೆಯೇ. ಹಿಮಸಾರಂಗಗಳಿಗೆ ಚಳಿಗಾಲದ ಮುಖ್ಯ ಮೇವು ಇದೇ. ತೈಮಿರ್ ಪ್ರದೇಶದ ಮೂಲನಿವಾಸಿಗಳಾದ ನೆನೆತ್, ದೊಲ್ಗಾನ್, ಙನಸಾನ್ ಜನರ ಬದುಕು ಸಾರಂಗ ಮತ್ತು ಮೀನನ್ನು ನಂಬಿ ಬಂದದ್ದು. ಊರಿನ ಹೊರವಲಯದಲ್ಲಿ ಲಾರ್ಚ್ ಮತ್ತು ಸ್ಪ್ರೂಸ್ ಮರಗಳು ಸಾವಿರಾರು ಚದರ ಕಿಲೋಮೀಟರ್ ಉದ್ದಗಲಕ್ಕೆ ನಿಂತಲ್ಲೇ ಸತ್ತಿವೆ. ಈ ಮರಗಳ ವಾರ್ಷಿಕ ಉಂಗುರಗಳನ್ನು ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 1960ರ ದಶಕದಿಂದ ಸಾವು ಹೆಚ್ಚುತ್ತ ಹೋದುದನ್ನು ದಾಖಲಿಸಿದೆ. ಯಾರೂ ಲೆಕ್ಕವಿಡದ ಕಾಲದಲ್ಲಿ ಮರಗಳು ತಮ್ಮೊಳಗೇ ಲೆಕ್ಕವಿಟ್ಟಿದ್ದವು.

ಜಗತ್ತು ಈ ಊರಿನತ್ತ ತಿರುಗಿ ನೋಡಿದ್ದು ಈ ಸಾವಿನಿಂದಲ್ಲ. 2016ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯ ತ್ಯಾಜ್ಯ ಸೇರಿ ದಾಲ್ದಿಕಾನ್ ನದಿ ರಕ್ತದಂತೆ ಕೆಂಪಾದಾಗ ಒಮ್ಮೆ ನೋಡಿತು. 2020ರ ಮೇ 29ರಂದು ವಿದ್ಯುತ್ ಸ್ಥಾವರವೊಂದರ ತೈಲದ ತೊಟ್ಟಿ ಕುಸಿದು ಸುಮಾರು 21,000 ಟನ್ ಡೀಸೆಲ್ ಹರಿದು, ಅಂಬಾರ್ನಾಯಾ ನದಿ ಕೆಂಪಾದಾಗ ಮತ್ತೊಮ್ಮೆ ನೋಡಿತು. ಹೆಪ್ಪುನೆಲ ಕರಗಿ ತೊಟ್ಟಿಯ ಆಧಾರ ಕುಸಿಯಿತೆಂದು ಕಂಪನಿ ಮೊದಲು ಹೇಳಿತು. ಸರ್ಕಾರಿ ತಪಾಸಣೆಯು ವಿನ್ಯಾಸ ಮತ್ತು ನಿರ್ಮಾಣದ ದೋಷಗಳನ್ನೂ ಮೇಲ್ವಿಚಾರಣೆಯ ಕೊರತೆಯನ್ನೂ ಎತ್ತಿ ತೋರಿತು. 2021ರಲ್ಲಿ ನ್ಯಾಯಾಲಯ ವಿಧಿಸಿದ 14,600 ಕೋಟಿ ರೂಬಲ್ಲುಗಳ ಪರಿಹಾರವನ್ನು ಕಂಪನಿ ಕಟ್ಟಿತು. ಇದು ಸ್ವಾಗತಾರ್ಹವೇ ಸರಿ. ಆದರೆ ಒಂದು ಲೆಕ್ಕ ಹಾಕಿ ನೋಡಬೇಕು. ಬೇರೆ ಬೇರೆ ವಸ್ತುಗಳಾದರೂ ತೂಕವೊಂದನ್ನೇ ಹೋಲಿಸಿದರೆ, ಆ 21,000 ಟನ್ ಎಂಬುದು ಆಗ ಅಲ್ಲಿನ ಚಿಮಣಿಗಳು ಉಗುಳುತ್ತಿದ್ದ ಅನಿಲದ ನಾಲ್ಕೈದು ದಿನಗಳ ಪಾಲು. ಒಮ್ಮೆ ಚೆಲ್ಲಿದ್ದು ತುರ್ತುಸ್ಥಿತಿಯಾಯಿತು. ದಿನವೂ ಚೆಲ್ಲಿದ್ದು ದೈನಂದಿನ ಬದುಕಾಯಿತು. ಪರಿಸರದ ಪ್ರಶ್ನೆಯಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಅವಘಡವಲ್ಲ, ಈ ಒಗ್ಗಿಕೊಳ್ಳುವಿಕೆ.

ಹೊಗೆಯಿಲ್ಲದೆ ಲೋಹವಿಲ್ಲ ಎಂಬ ಮಾತನ್ನು ಆ ಊರು ದಶಕಗಳ ಕಾಲ ಕೇಳಿತು. ಯುದ್ಧದ ನಡುವೆ, 1942ರಲ್ಲಿ, ಊರಿನ ಮಗ್ಗುಲಲ್ಲೇ ಆರಂಭವಾದ ನಿಕ್ಕಲ್ ಕಾರ್ಖಾನೆಯನ್ನು 2016ರಲ್ಲಿ ಮುಚ್ಚಲಾಯಿತು. ವಸತಿ ಪ್ರದೇಶದ ಗಾಳಿ ಸುಧಾರಿಸಿತು, ಲೋಹದ ಉತ್ಪಾದನೆ ನಿಂತುಹೋಗಲಿಲ್ಲ. ಉಳಿದ ದೊಡ್ಡ ಕಾರ್ಖಾನೆಯ ಹೆಸರು ನದೇಝ್ದಾ, ಎಂದರೆ ಭರವಸೆ. ಅಲ್ಲಿ 2023ರ ಕೊನೆಗೆ ಅನಿಲವನ್ನು ಹಿಡಿದಿಡುವ ವ್ಯವಸ್ಥೆ ಆರಂಭವಾಯಿತು. ಹಿಡಿದ ಅನಿಲವನ್ನು ಗಂಧಕಾಮ್ಲವಾಗಿಸಬಹುದು, ಆದರೆ ರಸ್ತೆಯಿಲ್ಲದ ಊರಿನಿಂದ ಅಷ್ಟು ಆಮ್ಲವನ್ನು ಹೊರಗೆ ಸಾಗಿಸುವಂತಿಲ್ಲ. ಆದ್ದರಿಂದ ಸುಣ್ಣದ ಕಲ್ಲಿನೊಂದಿಗೆ ಬೆರೆಸಿ ಜಿಪ್ಸಮ್ ಮಾಡಿ ಅಲ್ಲಿಯೇ ಶೇಖರಿಸುತ್ತಾರೆ. ಆಮ್ಲವನ್ನು ಸುಣ್ಣದಿಂದ ತಣಿಸುವುದು ಹುಳಿಮಣ್ಣಿನ ತೋಟಕ್ಕೆ ಸುಣ್ಣ ಹಾಕುವ ರೈತನಿಗೂ ಗೊತ್ತಿರುವ ತತ್ತ್ವ. ತಡವಾದದ್ದು ತಿಳಿವಳಿಕೆಗಲ್ಲ, ಖರ್ಚು ಮಾಡುವ ಮನಸ್ಸಿಗೆ. ಇನ್ನೊಂದು ಬೆಳವಣಿಗೆಯನ್ನೂ ಮರೆಯಬಾರದು. ತಾಮ್ರ ಕರಗಿಸುವ ಕೆಲಸವನ್ನು ಚೀನಾಕ್ಕೆ ಸಾಗಿಸುವ ಯೋಜನೆಯನ್ನು ಕಂಪನಿಯು 2024ರಲ್ಲಿ ಪ್ರಕಟಿಸಿತು. ಹೊಗೆ ನಿಲ್ಲುತ್ತದೆಯೋ, ಬೇರೆಯವರ ಕಿಟಕಿಗೆ ಹೋಗುತ್ತದೆಯೋ ಎಂಬುದನ್ನು ಕೇಳದೆ ಇದನ್ನು ಪರಿಹಾರವೆಂದು ಕರೆಯಲಾಗದು.

ಈ ಲೋಹಗಳು ಎಲ್ಲಿಗೆ ಹೋಗುತ್ತವೆ ಎಂದು ನೋಡಿದರೆ ನೊರಿಲ್ಸ್ಕ್ ಅಷ್ಟೇನೂ ದೂರದ ಊರಲ್ಲ. ತುಕ್ಕು ಹಿಡಿಯದ ಉಕ್ಕಿನ ಒಳ್ಳೆಯ ದರ್ಜೆಗಳಲ್ಲಿ ನಿಕ್ಕಲ್ ಇದೆ. ವಿದ್ಯುತ್ ವಾಹನಗಳ ಅನೇಕ ಬ್ಯಾಟರಿಗಳಲ್ಲೂ ಇದೆ. ಪಲ್ಲಾಡಿಯಮ್ ಬಳಕೆಯಾಗುವುದು ಮುಖ್ಯವಾಗಿ ಪೆಟ್ರೋಲ್ ವಾಹನಗಳ ಹೊಗೆಯನ್ನು ಶುದ್ಧೀಕರಿಸುವ ಸಾಧನದಲ್ಲಿ. ಪ್ರಪಂಚದ ಗಣಿಗಳಿಂದ ಬರುವ ಪಲ್ಲಾಡಿಯಮ್ಮಿನ ಸುಮಾರು ಐದರಲ್ಲಿ ಎರಡು ಪಾಲು ಈ ಒಂದು ಕಂಪನಿಯದು. ಮಹಾನಗರಗಳ ಗಾಳಿಯನ್ನು ಹಗುರಗೊಳಿಸುವ ಲೋಹವನ್ನು ತೆಗೆಯುವಾಗ ಒಂದು ಊರಿನ ಗಾಳಿ ಭಾರವಾಯಿತು, ಒಂದು ಕಾಡು ಸತ್ತಿತು. ಹಸಿರು ಎಂಬ ಹಣೆಪಟ್ಟಿಯ ಯಾವುದೇ ವಸ್ತುವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿ ಅದರ ಹುಟ್ಟೂರನ್ನೂ ವಿಚಾರಿಸುವುದು ಒಳ್ಳೆಯದು.

ಬೆಟ್ಟದ ಊರುಗಳಿಗೂ ಯೋಜನೆಗಳು ಬರುತ್ತವೆ, ಸಂಬಳ ಮತ್ತು ಸೌಕರ್ಯಗಳ ಮಾತು ಬರುತ್ತದೆ. ಅವಘಡವಾದರೆ ಏನು ಪರಿಹಾರ ಎಂದು ಗ್ರಾಮಸಭೆಯಲ್ಲಿ ಕೇಳುವವರಿದ್ದಾರೆ, ಅದು ಅಗತ್ಯವೇ. ಅವಘಡವಿಲ್ಲದ ದಿನಗಳಲ್ಲಿ ಗಾಳಿಗೆ, ಹೊಳೆಗೆ, ಮರದ ಮೇಲಿನ ಕಲ್ಲುಹೂವಿಗೆ ಏನು ಸೇರುತ್ತದೆ, ಅದನ್ನು ಅಳೆಯುವವರು ಯಾರು, ಆ ಲೆಕ್ಕ ಊರಿನವರ ಕೈಗೆ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನೂ ಮೊದಲ ದಿನವೇ ಕೇಳಬೇಕು. ಗಾಳಿಯ ದಿಕ್ಕು ನೋಡಿ ಕಿಟಕಿ ಮುಚ್ಚುವುದು ರೂಢಿಯಾದ ಮೇಲೆ ಆ ಪ್ರಶ್ನೆ ಕೇಳುವುದು ಎಷ್ಟು ಕಷ್ಟವೆಂಬುದನ್ನು ನೊರಿಲ್ಸ್ಕಿನ ಮೂರು ತಲೆಮಾರುಗಳು ಬಲ್ಲವು.