ನಾಲಿಗೆಯ ಮೇಲೊಂದು ಗಂಟು

ಮಕ್ಕಳೇ, ನಾಲಿಗೆ ಪೂರ್ತಿ ಹೊರಚಾಚಿದರೆ ತೀರಾ ಹಿಂದೆ ಬಾಣದ ತುದಿಯಂತೆ ಸಾಲಾಗಿ 8ರಿಂದ 12 ದುಂಡನೆಯ ಉಬ್ಬುಗಳಿರುತ್ತವೆ. ‘ಡಾಕ್ಟರೇ, ಇದೇನು ಗಡ್ಡೆ?’ ಎಂದು ಹೆದರಿ ಬರುವವರಿಗೆ ನಾನು ಹೇಳುವುದಿಷ್ಟೇ: ಅವು ಎಲ್ಲರಿಗೂ ಇರುವ ರುಚಿಮೊಗ್ಗುಗಳ ಮನೆ. ಪದೇ ಪದೇ ಹಲ್ಲಿಗೆ ಸಿಕ್ಕ ಜಾಗದಲ್ಲೂ ನೋವಿಲ್ಲದ ಸಣ್ಣ ಗಂಟು ಏಳಬಹುದು.

ಆದರೆ ಹೊಸದಾಗಿ ಎದ್ದ ಗಂಟು ಅಥವಾ ಹುಣ್ಣು, ಅದರಲ್ಲೂ ನಾಲಿಗೆಯ ಅಂಚಿನಲ್ಲಿ, 2 ವಾರವಾದರೂ ಹೋಗದಿದ್ದರೆ ದಂತವೈದ್ಯರಿಗೆ ತೋರಿಸಲೇಬೇಕು. ನೋವಿಲ್ಲವೆಂದು ಸುಮ್ಮನಿರಬೇಡಿ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ.

ಮಕ್ಕಳಲ್ಲಿ ಅದು ತೀರಾ ಅಪರೂಪ. ಎಲೆ-ಅಡಿಕೆ, ಹೊಗೆಸೊಪ್ಪು ಹಾಕುವ ಅಜ್ಜ-ಅಜ್ಜಿಯರ ಬಾಯನ್ನು ತಿಂಗಳಿಗೊಮ್ಮೆ ನೀವೇ ಟಾರ್ಚ್ ಹಿಡಿದು ನೋಡಿ. ಬೇಗ ಕಂಡಷ್ಟೂ ಗುಣವಾಗುವುದು ಸುಲಭ.