ಗೆತ್ಸೇಮನೆಯ ಪ್ರಾರ್ಥನೆಯಲ್ಲಿ ನಂಬಿಕೆ ಸಾಲದೆ ಹೋಯಿತೇ?



ರೋಗಿಯ ಹಾಸಿಗೆಯ ಬಳಿ ನಿಂತು, "ನಿಮ್ಮಲ್ಲಿ ನಂಬಿಕೆ ಸಾಲದು, ಆದ್ದರಿಂದಲೇ ಗುಣವಾಗುತ್ತಿಲ್ಲ" ಎಂದು ಬೋಧಿಸುವವರನ್ನು ನೀವೂ ಕಂಡಿರಬಹುದು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರಿಗೆ ಇದೇ ಮಾತನ್ನು ಹೇಳಿದುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇದು ನಿರ್ದಯವಾದ ಮಾತು. ಸುವಾರ್ತೆಗೆ ವಿರುದ್ಧವಾದ ಮಾತೂ ಹೌದು. ಹೇಗೆಂಬುದನ್ನು ಸುವಾರ್ತೆಯಿಂದಲೇ ತೋರಿಸುತ್ತೇನೆ.

ಅವರು ಆಧಾರವಾಗಿ ಹಿಡಿಯುವುದು ಮಾರ್ಕನ ಸುವಾರ್ತೆಯ 11ನೆಯ ಅಧ್ಯಾಯವನ್ನು. ಸಂಶಯವಿಲ್ಲದೆ ನಂಬಿದವನು ಬೆಟ್ಟಕ್ಕೆ ಅಪ್ಪಣೆ ಕೊಟ್ಟರೂ ಅದು ಸಮುದ್ರಕ್ಕೆ ಬೀಳುವುದೆಂದು ಯೇಸು ಅಲ್ಲಿ ಹೇಳುತ್ತಾನೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ವಾಕ್ಯವನ್ನು ಓದಿ ಪುಸ್ತಕ ಮುಚ್ಚುವವನು ಪಾಠ ಹೇಳಲು ತಕ್ಕವನಲ್ಲ. ಮೂರು ಅಧ್ಯಾಯ ಮುಂದೆ, ಅದೇ ವಾರದಲ್ಲಿ, ಆ ಮಾತನ್ನಾಡಿದವನೇ ಪ್ರಾರ್ಥನೆಗೆ ಮೊಣಕಾಲೂರುತ್ತಾನೆ. ಅದನ್ನೂ ಓದಬೇಕಲ್ಲವೇ?

ಸ್ಥಳ ಗೆತ್ಸೇಮನೆ, ಯೆರೂಸಲೇಮಿನ ಪೂರ್ವಕ್ಕೆ, ಎಣ್ಣೆಮರಗಳ ಗುಡ್ಡದ ತಪ್ಪಲು. ಹೆಸರಿನ ಅರ್ಥ ಎಣ್ಣೆಯ ಗಾಣ. ಪೇತ್ರ, ಯಾಕೋಬ, ಯೋಹಾನರನ್ನು ಎಚ್ಚರವಾಗಿರಲು ಹೇಳಿ, ಯೇಸು ತುಸು ಮುಂದೆ ಹೋಗಿ ನೆಲದ ಮೇಲೆ ಬೀಳುತ್ತಾನೆ. ಆ ಪ್ರಾರ್ಥನೆಯನ್ನು ಬಿಡಿಸಿ ನೋಡಿ. ಮೊದಲು ದೇವರನ್ನು ತಂದೆಯೆಂದು ಕರೆಯುತ್ತಾನೆ. ಎರಡನೆಯದಾಗಿ, ತಂದೆಗೆ ಎಲ್ಲವೂ ಸಾಧ್ಯವೆಂದು ಒಪ್ಪುತ್ತಾನೆ. ಮೂರನೆಯದಾಗಿ, ಈ ಸಂಕಟದ ಪಾತ್ರೆಯನ್ನು ತನ್ನಿಂದ ತೆಗೆದುಬಿಡಬೇಕೆಂದು ಬೇಡುತ್ತಾನೆ. ಕೊನೆಗೆ, ತನ್ನ ಇಷ್ಟವಲ್ಲ, ತಂದೆಯ ಚಿತ್ತವೇ ಆಗಲಿ ಎನ್ನುತ್ತಾನೆ. ಒಮ್ಮೆ ಮಾತ್ರವಲ್ಲ, ಮತ್ತೆ ಹೋಗಿ ಅದನ್ನೇ ಬೇಡುತ್ತಾನೆ. ಪಾತ್ರೆ ತೊಲಗಲಿಲ್ಲ. ಮರುದಿನ ಶಿಲುಬೆ.

ಈಗ ಆ ಬೋಧಕರು ಉತ್ತರಿಸಲಿ: ಯೇಸುವಿನಲ್ಲಿ ನಂಬಿಕೆ ಸಾಲದೆ ಹೋಯಿತೇ? ಹೌದೆನ್ನುವ ಧೈರ್ಯ ಯಾವ ಕ್ರೈಸ್ತನಿಗೂ ಇರಲಾರದು. ಹಾಗಾದರೆ ಬೇಡಿದ್ದು ದೊರೆಯದಿರುವುದು ನಂಬಿಕೆಯ ಕೊರತೆಗೆ ಸಾಕ್ಷಿಯಲ್ಲ. ಅವರ ವಾದ ಇಲ್ಲಿಗೆ ಮುಗಿಯಿತು.

ಆ ರಾತ್ರಿ ತೋಟದಲ್ಲಿದ್ದ ಶಿಷ್ಯರ ಮುಂದಿನ ಗತಿಯನ್ನೂ ನೋಡಿ. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿ ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರನ ಸಂಕೋಲೆಗಳು ಕಳಚಿ ಬೀಳುತ್ತವೆ. ಯಾಕೋಬನ ನಂಬಿಕೆ ಪೇತ್ರನದಕ್ಕಿಂತ ಕಡಿಮೆಯಾಗಿತ್ತೆಂದು ಅಲ್ಲಿ ಒಂದಕ್ಷರವೂ ಇಲ್ಲ. ಪೌಲನು ತನ್ನ ಶರೀರದ ಮುಳ್ಳು ಹೋಗಲೆಂದು ಮೂರು ಸಾರಿ ಬೇಡಿದರೂ ಅದು ಹೋಗಲಿಲ್ಲ. ಕೃಪೆಯೇ ಸಾಕೆಂಬ ಉತ್ತರ ಬಂತು. ಅದೇ ಪೌಲನು ತ್ರೊಫಿಮನನ್ನು ಮಿಲೇತದಲ್ಲಿ ರೋಗಿಯಾಗಿಯೇ ಬಿಟ್ಟು ಹೋದನು. ತಿಮೊಥೆಯ ಹೊಟ್ಟೆಯ ಬಾಧೆಗೆ ಸ್ವಲ್ಪ ದ್ರಾಕ್ಷಾರಸವನ್ನು ಸೂಚಿಸಿದನು. ಔಷಧಿಯನ್ನು ಬಿಸುಡುವುದೇ ವಿಶ್ವಾಸವೆನ್ನುವವರು ಈ ಪತ್ರಗಳನ್ನು ಓದಿದ್ದಾರೆಯೇ?

ದೇವರು ಸರ್ವಾಧಿಕಾರಿಯೆಂದು ಹಾಡಿ, ಮರುಕ್ಷಣವೇ ಆತನಿಗೆ ಆಜ್ಞೆ ಕೊಡುವುದು ಎಂಥ ಭಕ್ತಿ? ದೇವಾಲಯದ ಶಿಖರದಿಂದ ಧುಮುಕು, ದೇವರು ಕಾಯಲೇಬೇಕು ಎಂದು ಧರ್ಮಗ್ರಂಥದ ವಾಕ್ಯವನ್ನೇ ಮುಂದೊಡ್ಡಿದವನು ಸೈತಾನ. ಯೇಸು ಅದನ್ನು ದೇವರನ್ನು ಪರೀಕ್ಷಿಸುವ ಕೆಲಸವೆಂದು ತಿರಸ್ಕರಿಸಿದನು.

ಇದಕ್ಕೆ ಎದುರಾದ ಇನ್ನೊಂದು ತಪ್ಪೂ ಉಂಟು. "ಎಲ್ಲವೂ ದೇವರ ಚಿತ್ತ, ಅಳಬೇಡಿ, ಬೇಡಬೇಡಿ" ಎನ್ನುವವರೂ ಗೆತ್ಸೇಮನೆಯನ್ನು ಅರಿತವರಲ್ಲ. ತನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆಯೆಂದು ಯೇಸು ಮರೆಮಾಚದೆ ಹೇಳಿದನು, ಬೇಡಬೇಕಾದುದನ್ನು ಬೇಡಿದನು. ಶರಣಾಗತಿ ಆಮೇಲೆ ಬಂದಿತು. ದೇವರ ಸಾರ್ವಭೌಮತ್ವವು ಕುರುಡು ವಿಧಿಯಲ್ಲ, ತಂದೆಯೊಬ್ಬನ ಅಧಿಕಾರ. ಆದಕಾರಣವೇ ಅತ್ತು ಬೇಡಬಹುದು. ಆದಕಾರಣವೇ ತೀರ್ಪನ್ನು ಆತನಿಗೆ ಬಿಡಬಹುದು. ಈ ಎರಡೂ ಸೇರಿದುದೇ ನಂಬಿಕೆ.

ನನ್ನ ಶಿಷ್ಯರಲ್ಲಿ ಸಭೆಗಳಲ್ಲಿ ಬೋಧಿಸುವವರಿದ್ದೀರಿ. ರೋಗಿಗಾಗಿ ಪ್ರಾರ್ಥಿಸಿರಿ, ಗುಣವಾಗಲೆಂದೇ ಪ್ರಾರ್ಥಿಸಿರಿ. ಗುಣವಾಗದಿದ್ದರೆ ಆತನ ನಂಬಿಕೆಯನ್ನು ತೂಗಲು ಹೋಗದೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಆ ರಾತ್ರಿ ಯೇಸು ಮೂವರು ಶಿಷ್ಯರಿಂದ ಕೇಳಿದ್ದು ಅಷ್ಟನ್ನೇ, ಅವರು ನಿದ್ದೆಹೋದರು.